ಒಂದೇ ಕುಕ್ಕರಿನಲ್ಲಿ ನಾಲ್ವರ ರಾತ್ರಿಯೂಟ: ವಿಸಿಲ್ ಎಣಿಸದೆ ಅಡುಗೆ ಮಾಡುವ ಕ್ರಮ

ಸಂಜೆ ಏಳಕ್ಕೆ ಕೆಲಸದಿಂದ ಮನೆಗೆ ಬಂದವರು ಎಂಟರೊಳಗೆ ಅನ್ನ, ಹುಳಿ, ಪಲ್ಯ ಮೂರನ್ನೂ ಬಡಿಸಬೇಕಾದರೆ, ಕುಕ್ಕರ್ ಎಂಥದ್ದು ಎಂಬುದಕ್ಕಿಂತ ಕೆಲಸಗಳನ್ನು ಯಾವ ಸರದಿಯಲ್ಲಿ ಮಾಡುತ್ತೇವೆ ಎಂಬುದೇ ಮುಖ್ಯವಾಗುತ್ತದೆ. ತರಕಾರಿ ಹೆಚ್ಚುವಾಗ ಬೇಳೆ ನೆನೆಯುತ್ತಿರಬೇಕು, ಡಬ್ಬಿಗಳನ್ನು ತುಂಬುವಾಗ ಕುಕ್ಕರಿನ ತಳದ ನೀರು ಕಾಯುತ್ತಿರಬೇಕು, ಬೇಳೆ ಬೇಯುವಾಗ ಪಕ್ಕದ ಒಲೆಯಲ್ಲಿ ಹುಣಸೆ ರಸ ಕುದಿಯುತ್ತಿರಬೇಕು. ನಾಲ್ಕು ಜನರ ಮನೆಗೆ ಐದರಿಂದ ಆರೂವರೆ ಲೀಟರಿನ ಒಂದೇ ಕುಕ್ಕರಿನಲ್ಲಿ ಊಟ ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. 'ಮೂರು ವಿಸಿಲ್ ಕೂಗಿಸಿ' ಎಂಬ ಸೂಚನೆ ಇದರಲ್ಲಿ ಎಲ್ಲಿಯೂ ಬರುವುದಿಲ್ಲ. ಅದಕ್ಕೆ ಕಾರಣವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ವಿಸಿಲ್ ಲೆಕ್ಕ ಏಕೆ ತಪ್ಪುತ್ತದೆ

ಸಮುದ್ರ ಮಟ್ಟದಲ್ಲಿರುವ ಮಂಗಳೂರಿನಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯಲು ತೊಡಗುತ್ತದೆ. ಎಷ್ಟೇ ಉರಿ ಕೊಟ್ಟರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು, ಹಾಗಾಗಿ ಎತ್ತರದ ಊರುಗಳಲ್ಲಿ ತೊಗರಿ ಬೇಳೆ ತೆರೆದ ಪಾತ್ರೆಯಲ್ಲಿ ಬೇಯಲು ಗಂಟೆ ಹಿಡಿಯುತ್ತದೆ. ಕುಕ್ಕರಿನ ಮುಚ್ಚಳ ಬಿಗಿದಾಗ ಆವಿ ಒಳಗೇ ಸೇರಿ, ಹೊರಗಿನ ಗಾಳಿಯ ಒತ್ತಡದ ಮೇಲೆ ಚದರ ಸೆಂಟಿಮೀಟರಿಗೆ ಇನ್ನೂ ಸುಮಾರು ಒಂದು ಕಿಲೋ ಒತ್ತಡ ಕೂಡಿಕೊಂಡು, ಒಳಗಿನ ಶಾಖ 120 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಆ ಮಿತಿ ಮುಟ್ಟಿದ ಕ್ಷಣ ವೆಯಿಟ್ ಮೇಲೆದ್ದು ಹೆಚ್ಚಿನ ಆವಿಯನ್ನು ಹೊರಬಿಡುತ್ತದೆ. ಮೂಳೆಯನ್ನೂ ಮೆತ್ತಗಾಗಿಸುವ ಮುಚ್ಚಿದ ಪಾತ್ರೆಯೊಂದನ್ನು 1679ರಲ್ಲಿ ಲಂಡನ್ನಿನಲ್ಲಿ ತೋರಿಸಿದ ಫ್ರಾನ್ಸಿನ ದೆನಿ ಪಾಪ್ಯಾಂ, ಪಾತ್ರೆ ಸಿಡಿಯದಿರಲೆಂದು ಹೂಡಿದ್ದೂ ತೂಕ ಎತ್ತಿಕೊಂಡು ಆವಿ ಹೊರಬೀಳುವ ಇದೇ ಉಪಾಯವನ್ನು.

ಇದರಿಂದ ತಿಳಿಯಬೇಕಾದ್ದು ಏನೆಂದರೆ, ಮೊದಲ ಕೂಗು ಬಂದಾಗಲೇ ಕುಕ್ಕರ್ ತನ್ನ ಗರಿಷ್ಠ ಶಾಖವನ್ನು ಮುಟ್ಟಿರುತ್ತದೆ. ಆಮೇಲೂ ದೊಡ್ಡ ಉರಿಯನ್ನೇ ಇಟ್ಟರೆ ಬೇಳೆ ಬೇಗ ಬೇಯುವುದಿಲ್ಲ. ಗ್ಯಾಸ್ ಖರ್ಚಾಗಿ ತಳದ ನೀರು ಬತ್ತುತ್ತದೆ, ಅಷ್ಟೆ. ಎರಡನೆಯ ಮತ್ತು ಮೂರನೆಯ ಕೂಗು ಎಷ್ಟು ಹೊತ್ತಿಗೆ ಬರುತ್ತವೆ ಎಂಬುದು ಉರಿಯ ಗಾತ್ರ, ಒಳಗಿನ ನೀರು, ರಬ್ಬರಿನ ಬಿಗಿ ಮತ್ತು ವೆಯಿಟ್‌ನ ಬಗೆಯನ್ನು ಅವಲಂಬಿಸಿರುತ್ತದೆ. ದೊಡ್ಡ ಉರಿಯಲ್ಲಿ ಎರಡೇ ನಿಮಿಷಕ್ಕೆ ಮೂರು ಬಾರಿ ಕೂಗುವ ಕುಕ್ಕರ್ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಸುಮ್ಮನಿರಬಹುದು. ಒಬ್ಬರ ಮನೆಯ ನಾಲ್ಕು ವಿಸಿಲ್ ಇನ್ನೊಬ್ಬರ ಮನೆಯಲ್ಲಿ ಗಂಜಿಯಾಗುವುದು ಇದರಿಂದಲೇ. ಮೊದಲ ಕೂಗು ಬಂದೊಡನೆ ಉರಿಯನ್ನು ಪೂರ್ತಿ ತಗ್ಗಿಸಿ, ಅಲ್ಲಿಂದ ನಿಮಿಷ ಲೆಕ್ಕ ಹಾಕುವುದು ಸರಿಯಾದ ಪದ್ಧತಿ. ಕೆಳಗೆ ಎಲ್ಲೆಲ್ಲಿ ನಿಮಿಷ ಹೇಳಿದೆಯೋ ಅಲ್ಲೆಲ್ಲ ಈ ಅರ್ಥವನ್ನೇ ಇಟ್ಟುಕೊಳ್ಳಬೇಕು.

ಒಲೆಗೆ ಇಡುವ ಮುನ್ನ

ಮುಚ್ಚಳವನ್ನು ಕೈಗೆತ್ತಿಕೊಂಡು, ವೆಯಿಟ್ ಕೂರುವ ಕೊಳವೆಯ ತೂತಿನ ಮೂಲಕ ಬೆಳಕು ಕಾಣುತ್ತದೆಯೇ ಎಂದು ಪ್ರತಿಸಲವೂ ನೋಡಬೇಕು. ಹಿಂದಿನ ದಿನದ ಬೇಳೆಯ ಸಿಪ್ಪೆಯೊಂದು ಅಲ್ಲಿ ಒಣಗಿ ಕೂತಿದ್ದರೆ ಸೂಜಿಯಿಂದ ತೆಗೆದು, ನಲ್ಲಿಯ ನೀರು ಹಾಯಿಸಬೇಕು. ರಬ್ಬರ್ ಸಡಿಲವಾಗಿ ಅಂಚಿನಿಂದ ಆವಿ ಸೋರುತ್ತಿದ್ದರೆ ಅದನ್ನು ಹತ್ತು ನಿಮಿಷ ಫ್ರೀಜರಿನಲ್ಲಿಟ್ಟು ಹಾಕುವ ರೂಢಿ ನಮ್ಮ ಮನೆಗಳಲ್ಲಿದೆ. ಅದು ಆ ಹೊತ್ತಿನ ಉಪಾಯವೇ ಹೊರತು ಪರಿಹಾರವಲ್ಲ. ಬಿರುಕು ಬಿಟ್ಟ ಅಥವಾ ಗಟ್ಟಿಯಾದ ರಬ್ಬರನ್ನು ಬದಲಿಸಲೇಬೇಕು. ಹೊಸ ಕುಕ್ಕರ್ ಕೊಳ್ಳುವವರು ಐಎಸ್‌ಐ ಗುರುತನ್ನೂ ಅದರ ಮೇಲ್ಗಡೆ ಐಎಸ್ 2347 ಎಂಬ ಸಂಖ್ಯೆಯನ್ನೂ ನೋಡಿಕೊಳ್ಳಬೇಕು. 2021ರ ಫೆಬ್ರವರಿಯಿಂದ ನಮ್ಮ ದೇಶದಲ್ಲಿ ಮನೆಬಳಕೆಯ ಕುಕ್ಕರುಗಳಿಗೆ ಈ ಗುರುತು ಕಡ್ಡಾಯವಾಗಿದೆ. ಬಿಡಿ ಭಾಗಗಳು, ಅದರಲ್ಲೂ ಸೇಫ್ಟಿ ವಾಲ್ವ್, ಅದೇ ಕಂಪನಿಯದ್ದೇ ಆಗಿರಬೇಕು.

ಕುಕ್ಕರನ್ನು ಎಷ್ಟು ತುಂಬಬೇಕು ಎಂಬ ವಿಷಯದಲ್ಲಿ ಉದಾರತೆ ಬೇಡ. ಸಾಮಾನ್ಯ ಅಡುಗೆಗೆ ನೀರೂ ಸೇರಿ ಮೂರರಲ್ಲಿ ಎರಡು ಭಾಗ, ಅಕ್ಕಿಯಂತೆ ಉಬ್ಬುವ ಪದಾರ್ಥಗಳನ್ನು ನೇರವಾಗಿ ಹಾಕಿದರೆ ಅರ್ಧ ಭಾಗ, ಬೇಳೆಯಂತೆ ನೊರೆ ಉಕ್ಕುವುದಾದರೆ ಮೂರನೆಯ ಒಂದು ಭಾಗ ಎಂಬುದು ಮಿತಿ. ಈ ಮಾತನ್ನು ನಾನು ಅನುಭವದಿಂದಲೇ ಕಲಿತೆ. ಒಂದು ಹಬ್ಬದ ಹಿಂದಿನ ದಿನ ಹೋಳಿಗೆಯ ಹೂರಣಕ್ಕೆಂದು ಕಡಲೆಬೇಳೆಯನ್ನು ಕುಕ್ಕರಿನ ಮುಕ್ಕಾಲು ಭಾಗದವರೆಗೆ ತುಂಬಿ, 'ಇದೊಂದು ಸಲ' ಎಂದುಕೊಂಡು ಒಲೆ ಹಚ್ಚಿದ್ದೆ. ಮೊದಲ ಕೂಗು ಬರಲೇ ಇಲ್ಲ. ನೊರೆ ಮೇಲೇರಿ ಕೊಳವೆಯನ್ನು ಮುಚ್ಚಿತ್ತು. ಸ್ವಲ್ಪ ಹೊತ್ತಿಗೆ ಸೇಫ್ಟಿ ವಾಲ್ವ್ ಒಡೆದು ಹಳದಿ ಬೇಳೆಯ ಕಾರಂಜಿ ಛಾವಣಿಯವರೆಗೆ ಎದ್ದಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಫ್ಯಾನಿನ ಮೇಲಿದ್ದ ಬೇಳೆಯ ಚೂರುಗಳನ್ನು ಯುಗಾದಿ ಕಳೆದ ಮೇಲೂ ಒರೆಸುತ್ತಿದ್ದೆವು. ಕೂಗು ಬರಬೇಕಾದ ಹೊತ್ತಿಗೆ ಬಾರದಿದ್ದರೆ ಕಾಯುತ್ತ ನಿಲ್ಲದೆ ಒಲೆ ಆರಿಸಿ ದೂರ ಸರಿಯಬೇಕು ಎಂಬುದನ್ನು ಅಂದಿನಿಂದ ಮನೆಯವರೆಲ್ಲರಿಗೂ ಹೇಳಿಟ್ಟಿದ್ದೇನೆ.

ಅನ್ನ, ಹುಳಿ, ಪಲ್ಯ: ಏಳರಿಂದ ಎಂಟರವರೆಗೆ

ಅಳತೆಗೆ ಪಾವು ಇದ್ದರೆ ಪಾವು, ಇಲ್ಲದಿದ್ದರೆ ಒಂದೇ ಲೋಟವನ್ನು ಎಲ್ಲದಕ್ಕೂ ಬಳಸಬೇಕು. ಇಲ್ಲಿ ಅನುಪಾತವೇ ಮುಖ್ಯ. ನಾಲ್ವರಿಗೆ ಒಂದೂವರೆ ಅಳತೆ ಸೋನಾ ಮಸೂರಿ ಅಕ್ಕಿ, ಅರ್ಧ ಅಳತೆ ತೊಗರಿ ಬೇಳೆ ಸಾಕು.

ಏಳು ಗಂಟೆಗೆ, ಬಟ್ಟೆ ಬದಲಿಸುವುದಕ್ಕೂ ಮುನ್ನ, ಬೇಳೆಯನ್ನು ತೊಳೆದು ಬಿಸಿ ನೀರಿನಲ್ಲಿ ನೆನೆಹಾಕಬೇಕು. ಕಾಲು ಗಂಟೆ ನೆನೆದರೂ ಬೇಳೆ ಒಂದೇ ಹದದಲ್ಲಿ ಬೇಯುತ್ತದೆ. ನೆಲ್ಲಿಯಷ್ಟು ಹುಣಸೆ ಹಣ್ಣನ್ನು ಇನ್ನೊಂದು ಬಟ್ಟಲಿನಲ್ಲಿ ನೆನೆಸಿ, ಅಕ್ಕಿಯನ್ನು ತೊಳೆದಿಟ್ಟು ತರಕಾರಿಗೆ ಕೈ ಹಾಕಬೇಕು. ಬೇಳೆಯ ಜೊತೆಗೇ ಬೇಯುವ ತರಕಾರಿ ಗಟ್ಟಿಯಾಗಿರಬೇಕು: ನವಿಲುಕೋಸು, ಕ್ಯಾರೆಟ್, ಸೀಮೆಬದನೆಯನ್ನು ಎರಡು ಬೆರಳಗಲದ ಹೋಳುಗಳಾಗಿ ಹೆಚ್ಚಿದರೆ ಆಕಾರ ಉಳಿಯುತ್ತದೆ. ಬದನೆಕಾಯಿ, ಬೆಂಡೆಕಾಯಿ ಮತ್ತು ಸೊಪ್ಪುಗಳನ್ನು ಕುಕ್ಕರಿಗೆ ಹಾಕಲೇಬಾರದು. ಅವನ್ನು ಆಮೇಲೆ ಹುಣಸೆ ರಸದಲ್ಲಿ ಬೇಯಿಸಬೇಕು.

ಏಳೂಕಾಲಿಗೆ ಕುಕ್ಕರಿನ ತಳಕ್ಕೆ ಎರಡು ಲೋಟ ನೀರು ಹಾಕಿ, ತೂತಿನ ತಟ್ಟೆಯನ್ನಿಟ್ಟು, ಒಲೆ ಹಚ್ಚಬೇಕು. ಡಬ್ಬಿಗಳನ್ನು ತುಂಬುವಷ್ಟರಲ್ಲಿ ಈ ನೀರು ಕುದಿಯಲು ತೊಡಗಿರುತ್ತದೆ, ಮೊದಲ ಕೂಗು ನಾಲ್ಕೈದು ನಿಮಿಷ ಬೇಗ ಬರುತ್ತದೆ. ಅಲ್ಯೂಮಿನಿಯಂ ಕುಕ್ಕರಾದರೆ ಆ ನೀರಿಗೆ ಹಿಂಡಿದ ನಿಂಬೆ ಹೋಳನ್ನೋ ಹುಣಸೆಯ ಚರಟವನ್ನೋ ಹಾಕಿದಲ್ಲಿ ಒಳಭಾಗ ಕಪ್ಪಾಗುವುದಿಲ್ಲ. ಕೆಳಗಿನ ಡಬ್ಬಿಗೆ ಬೇಳೆ, ಅದರ ಮೂರು ಪಟ್ಟು ನೀರು, ಚಿಟಿಕೆ ಅರಿಸಿನ, ಅರ್ಧ ಚಮಚ ಎಣ್ಣೆ ಮತ್ತು ತರಕಾರಿ ಹೋಗಬೇಕು. ಎಣ್ಣೆ ನೊರೆಯನ್ನು ಅಡಗಿಸುತ್ತದೆ. ಈ ಹಂತದಲ್ಲಿ ಟೊಮೆಟೊ ಆಗಲಿ ಹುಣಸೆ ಆಗಲಿ ಸೇರಿಸಬಾರದು, ಏಕೆಂದರೆ ಹುಳಿ ಬಿದ್ದ ಬೇಳೆ ಎಷ್ಟು ಬೆಂದರೂ ಕರಗದೆ ಕಾಳು ಕಾಳಾಗಿ ಉಳಿಯುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿಯೂ ಇದೇ ತೊಂದರೆ ಇದೆ: ಆ ನೀರಿನ ಕ್ಯಾಲ್ಸಿಯಂ ಬೇಳೆಯ ನಾರನ್ನು ಬಿಗಿಗೊಳಿಸುತ್ತದೆ. ಹಳೆಯ ಬೇಳೆ ಬಂದಿದೆ ಎಂದು ಅಂಗಡಿಯವರನ್ನು ದೂರುವ ಮೊದಲು ಒಂದು ದಿನ ಕುಡಿಯುವ ಫಿಲ್ಟರ್ ನೀರಿನಲ್ಲಿ ಬೇಯಿಸಿ ನೋಡುವುದು ನ್ಯಾಯ.

ಮೇಲಿನ ಡಬ್ಬಿಗೆ ಅಕ್ಕಿ ಮತ್ತು ಹೊಸ ಅಕ್ಕಿಯಾದರೆ ಎರಡು ಪಟ್ಟು, ಹಳೆಯ ಅಕ್ಕಿಯಾದರೆ ಎರಡೂವರೆ ಪಟ್ಟು ನೀರು. ಮುಚ್ಚಳ ಹಾಕಿದ ಮೇಲೆ ವೆಯಿಟನ್ನು ತಕ್ಷಣ ಇಡದೆ, ಕೊಳವೆಯಿಂದ ಆವಿ ನೇರವಾಗಿ, ಎಡೆಬಿಡದೆ ಬರುವುದನ್ನು ಕಂಡ ಮೇಲೆ ಇಡಬೇಕು. ಒಳಗಿನ ಗಾಳಿ ಹೊರಹೋಗಿದೆ, ಕೊಳವೆ ಕಟ್ಟಿಲ್ಲ ಎಂಬ ಎರಡೂ ಸಂಗತಿಗಳು ಇದರಿಂದ ಖಾತರಿಯಾಗುತ್ತವೆ.

ಮೊದಲ ಕೂಗು ಬಂತು, ಉರಿ ತಗ್ಗಿತು. ಇಲ್ಲಿಂದ ಹತ್ತು ನಿಮಿಷ. ಈ ಹತ್ತು ನಿಮಿಷದಲ್ಲಿ ಪಕ್ಕದ ಒಲೆಯಲ್ಲಿ ಹುಣಸೆ ರಸ, ಎರಡು ಚಮಚ ಹುಳಿಪುಡಿ, ಉಪ್ಪು, ಅಡಿಕೆಯಷ್ಟು ಬೆಲ್ಲ ಹಾಕಿ ಕುದಿಯಲು ಬಿಡಬೇಕು. ಹಸಿ ವಾಸನೆ ಹೋಗುವಷ್ಟು ಇದು ಕುದಿಯುವುದು ಅಗತ್ಯ. ಬೇಳೆ ಸೇರಿಸಿದ ಮೇಲೆ ಕುದಿಸಿದರಾಯಿತು ಎಂದು ಬಿಟ್ಟರೆ ಹುಳಿ ತಳ ಹಿಡಿಯುತ್ತದೆ. ಒಲೆ ಆರಿಸಿದ ಮೇಲೆ ಕುಕ್ಕರ್ ತಾನಾಗಿ ಇಳಿಯಲು ಇನ್ನೊಂದು ಹತ್ತು ನಿಮಿಷ ಬೇಕು. ಆ ಹೊತ್ತಿನಲ್ಲಿ ಹುಣಸೆ ರಸವನ್ನು ಇಳಿಸಿಟ್ಟು, ಅದೇ ಒಲೆಯಲ್ಲಿ ಬಾಣಲೆ ಇಟ್ಟು, ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿಯ ಒಗ್ಗರಣೆಗೆ ಸಣ್ಣಗೆ ಹೆಚ್ಚಿದ ಹುರುಳಿಕಾಯಿ ಹಾಕಿ, ನೀರು ಚಿಮುಕಿಸಿ, ತಟ್ಟೆ ಮುಚ್ಚಿದರೆ ಪಲ್ಯವೂ ಆಗುತ್ತದೆ. ಕೊನೆಗೆ ಕಾಯಿತುರಿ ಉದುರಿಸಿದರೆ ಸಾಕು. ಹುರುಳಿಕಾಯಿಯನ್ನು ಕುಕ್ಕರಿನ ಮೂರನೆಯ ಡಬ್ಬಿಯಲ್ಲಿ ಬೇಯಿಸುವವರಿದ್ದಾರೆ. ಹತ್ತು ನಿಮಿಷದ ಒತ್ತಡಕ್ಕೆ ಅದು ಬಣ್ಣ ಕಳೆದುಕೊಂಡು ಪಿಚ್ಚನೆ ಆಗುವುದರಿಂದ ನನಗೆ ಅದು ಒಪ್ಪಿಗೆಯಿಲ್ಲ. ಬೀಟ್‌ರೂಟ್ ಅಥವಾ ಆಲೂಗಡ್ಡೆಯಾದರೆ ಅಡ್ಡಿಯಿಲ್ಲ.

ವೆಯಿಟನ್ನು ಚಮಚದಿಂದ ಸ್ವಲ್ಪ ಎತ್ತಿದಾಗ ಸದ್ದು ಬಾರದಿದ್ದರೆ ಮಾತ್ರ ಮುಚ್ಚಳ ತೆಗೆಯಬೇಕು. ಬಲವಂತ ಮಾಡಿದರೆ ತೆರೆಯುವ ಮುಚ್ಚಳ ಇನ್ನೂ ತೆರೆಯಬಾರದ ಮುಚ್ಚಳ ಎಂದೇ ತಿಳಿಯಬೇಕು. ಬೇಳೆಯನ್ನು ಸೌಟಿನ ಹಿಂಬದಿಯಿಂದ ಮೆಲ್ಲಗೆ ಒತ್ತಿ, ಕುದಿದ ಹುಣಸೆ ರಸಕ್ಕೆ ಸುರಿದು, ಐದು ನಿಮಿಷ ಕುದಿಸಿ, ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಬೇಕು. ಅನ್ನವನ್ನು ಮುಚ್ಚಿದ ಕುಕ್ಕರಿನಲ್ಲೇ ಬಿಟ್ಟರೆ ಮುಚ್ಚಳದ ಹನಿಗಳು ಬಿದ್ದು ಮೇಲ್ಪದರ ಒದ್ದೆಯಾಗುವುದರಿಂದ, ಕೂಡಲೇ ಹೊರತೆಗೆದು ಫೋರ್ಕಿನಿಂದ ಅಥವಾ ಸೌಟಿನ ಅಂಚಿನಿಂದ ಬಿಡಿಸಿಡಬೇಕು. ಮರುದಿನದ ಚಿತ್ರಾನ್ನಕ್ಕೆಂದು ಉಳಿಸುವ ಅನ್ನವನ್ನು ರಾತ್ರಿಯೇ ಫ್ರಿಜ್ಜಿಗೆ ಸೇರಿಸಬೇಕು.

ಕರಾವಳಿಯವರ ಕುಚ್ಚಲಕ್ಕಿ ಈ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಹೆಚ್ಚು ನೀರೂ ಹೆಚ್ಚು ಹೊತ್ತೂ ಬೇಕಾಗಿರುವುದರಿಂದ ಬೇಳೆಯ ಜೊತೆ ಡಬ್ಬಿಯಲ್ಲಿ ಇಡದೆ, ಕುಕ್ಕರಿನಲ್ಲಿ ನೇರವಾಗಿ ಬೇಯಿಸಿ, ತಾನಾಗಿ ಇಳಿದ ಮೇಲೆ ಗಂಜಿ ಬಸಿಯುವುದೇ ಸರಿ.

ಬಿಸಿಬೇಳೆಬಾತ್: ಡಬ್ಬಿಯಿಲ್ಲದೆ, ನೇರವಾಗಿ

ಪಲ್ಯ ಮಾಡುವಷ್ಟೂ ಹೊತ್ತಿಲ್ಲದ ದಿನಕ್ಕೆ ಬಿಸಿಬೇಳೆಬಾತ್ ಇದೆ. ಒಂದು ಅಳತೆ ಅಕ್ಕಿ, ಮುಕ್ಕಾಲು ಅಳತೆ ತೊಗರಿ ಬೇಳೆ, ಏಳು ಅಳತೆ ನೀರು; ಐದು ಲೀಟರಿನ ಕುಕ್ಕರಿನಲ್ಲಿ ಇದು ಅರ್ಧಕ್ಕಿಂತ ಕೆಳಗೇ ನಿಲ್ಲುತ್ತದೆ. ಇದಕ್ಕೆ ಅರಿಸಿನ, ಒಂದು ಚಮಚ ಎಣ್ಣೆ, ಒಂದು ಹಿಡಿ ಕಡಲೆಕಾಯಿ ಬೀಜ, ಬಟಾಣಿ, ಕ್ಯಾರೆಟ್, ನವಿಲುಕೋಸು ಹಾಕಿ ಹನ್ನೆರಡು ನಿಮಿಷ ಬೇಯಿಸಬೇಕು. ಇಲ್ಲಿ ಅನೇಕರು ಮಾಡುವ ತಪ್ಪು ಎಂದರೆ ಹುಣಸೆ ರಸ, ಬೆಲ್ಲ, ಬಾತಿನ ಪುಡಿ ಎಲ್ಲವನ್ನೂ ಮೊದಲೇ ಸುರಿದು ಮುಚ್ಚಳ ಹಾಕುವುದು. ಹುಳಿಯಿಂದ ಬೇಳೆ ಬೇಯುವುದಿಲ್ಲ, ಬೆಲ್ಲ ಮತ್ತು ಪುಡಿ ಕೆಳಗೆ ಕೂತು ತಳ ಹಿಡಿಯುತ್ತವೆ, ಗಟ್ಟಿಯಾದ ಮಿಶ್ರಣದಲ್ಲಿ ಆವಿ ಏಳದೆ ಕೂಗೂ ತಡವಾಗುತ್ತದೆ. ಮಸಾಲೆಯ ಕೆಲಸವೆಲ್ಲ ಮುಚ್ಚಳ ತೆಗೆದ ಮೇಲೆ ಆಗಬೇಕಾದ್ದು.

ಕುಕ್ಕರ್ ತಾನಾಗಿ ಇಳಿದ ಮೇಲೆ ಎಲ್ಲವನ್ನೂ ಚೆನ್ನಾಗಿ ಕಲಸಿ, ಹುಣಸೆ ರಸ, ಬೆಲ್ಲ, ಉಪ್ಪು, ಮೂರು ಚಮಚ ಪುಡಿ ಮತ್ತು ಎರಡು ಲೋಟ ಕುದಿಯುವ ನೀರು ಹಾಕಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ತಿರುವುತ್ತ ಕುದಿಸಬೇಕು. ತಣ್ಣೀರು ಹಾಕಿದರೆ ಅನ್ನ ಮುದ್ದೆ ಕಟ್ಟುತ್ತದೆ. ಇಳಿಸುವಾಗ ಸೌಟಿನಿಂದ ನಿಧಾನವಾಗಿ ಸುರಿಯುವಷ್ಟು ತೆಳ್ಳಗಿರಬೇಕು. ತಟ್ಟೆಗೆ ಬರುವ ಹೊತ್ತಿಗೆ ಅದು ಗಟ್ಟಿಯಾಗಿಯೇ ಆಗುತ್ತದೆ. ಮರಾಠಿ ಮೊಗ್ಗು, ಚಕ್ಕೆ, ಲವಂಗ, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ ಹುರಿದು ಮನೆಯಲ್ಲೇ ಮಾಡಿದ ಪುಡಿಯಾದರೆ ಸರಿಯೇ ಸರಿ, ಅಂಗಡಿಯದ್ದಾದರೆ ಅದರ ಜೊತೆಗೆ ಒಂದು ಮರಾಠಿ ಮೊಗ್ಗನ್ನು ತುಪ್ಪದಲ್ಲಿ ಗೋಡಂಬಿಯೊಂದಿಗೆ ಹುರಿದು ಹಾಕಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಮೇಲೆ ಖಾರಾಬೂಂದಿ ಇರಲಿ.

ಕಾಳು ಮತ್ತು ಮಾಂಸ

ಕಾಳಿನ ವೇಗವೆಲ್ಲ ಹಿಂದಿನ ರಾತ್ರಿಯ ನೆನೆಯುವಿಕೆಯಲ್ಲಿದೆ. ರಾತ್ರಿಯಿಡೀ ನೆನೆದ ಅಲಸಂದೆ ಎಂಟು ನಿಮಿಷಕ್ಕೆ, ಕಡಲೆಕಾಳು ಇಪ್ಪತ್ತಕ್ಕೆ, ಹುರುಳಿಕಾಳು ಇಪ್ಪತ್ತೈದಕ್ಕೆ ಬೇಯುತ್ತವೆ. ಮೊಳಕೆ ಬಂದ ಹೆಸರುಕಾಳಿಗೆ ಮೊದಲ ಕೂಗೇ ಸಾಕು. ರಾಜ್ಮಾದ ವಿಷಯದಲ್ಲಿ ಎಚ್ಚರ ಬೇಕು: ಅರೆಬೆಂದ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ಅಂಶದಿಂದ ವಾಂತಿ, ಭೇದಿ ಆಗುತ್ತದೆ. ಆದ್ದರಿಂದ ಎಂಟು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಬೇಕು. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ಅದು ಕಾಳನ್ನು ಮೆತ್ತಗಾಗಿಸುವ ಜೊತೆಗೆ ಬಿ1 ಜೀವಸತ್ವವನ್ನೂ ಹಾಳುಮಾಡುತ್ತದೆ, ಬಾಯಿಗೆ ಸಾಬೂನಿನ ರುಚಿಯನ್ನೂ ತರುತ್ತದೆ. ಬಸ್ಸಾರಿಗೆಂದು ಕಾಳು ಮತ್ತು ದಂಟಿನ ಸೊಪ್ಪನ್ನು ಒಟ್ಟಿಗೆ ಬೇಯಿಸುವವರು ಮೊದಲು ಕಾಳನ್ನಷ್ಟೇ ಕುಕ್ಕರಿನಲ್ಲಿ ಬೇಯಿಸಿ, ಮುಚ್ಚಳ ತೆಗೆದ ಮೇಲೆ ಅದೇ ನೀರಿಗೆ ಸೊಪ್ಪು ಹಾಕಿ ಐದು ನಿಮಿಷ ಕುದಿಸಿ ಬಸಿದರೆ, ಕಟ್ಟಿಗೆ ರುಚಿಯೂ ಪಲ್ಯಕ್ಕೆ ಹಸಿರೂ ಉಳಿಯುತ್ತವೆ. ಚಳಿಗಾಲದ ಹಸಿ ಅವರೆಕಾಳಿಗೆ ಐದು ನಿಮಿಷ.

ಕುರಿಮಾಂಸಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ, ನಾಟಿ ಕೋಳಿಗೆ ಸುಮಾರು ಇಪ್ಪತ್ತು, ಫಾರಂ ಕೋಳಿಗೆ ಏಳೆಂಟು. ಮೀನಿಗೆ ಕುಕ್ಕರ್ ಬೇಡ. ಮುಚ್ಚಿದ ಕುಕ್ಕರಿನಲ್ಲಿ ಎಣ್ಣೆಯಲ್ಲಿ ಕರಿಯುವ ಪ್ರಯೋಗವನ್ನಂತೂ ಯಾರೂ ಮಾಡಬಾರದು. ಇಡ್ಲಿಗೆ ವೆಯಿಟ್ ತೆಗೆದಿಟ್ಟು, ಬರಿಯ ಆವಿಯಲ್ಲಿ ಹನ್ನೆರಡು ನಿಮಿಷ ಬೇಯಿಸಿದರಾಯಿತು.

ತುರ್ತಾಗಿ ತೆರೆಯಬೇಕಾದಾಗ

ತರಕಾರಿ ಅತಿಯಾಗಿ ಬೇಯಬಾರದೆಂದು ಕುಕ್ಕರನ್ನು ಬೇಗ ಇಳಿಸಬೇಕಾದರೆ, ಒಲೆಯಿಂದ ತೆಗೆದು ನಲ್ಲಿಯಡಿ ಇಟ್ಟು, ಮುಚ್ಚಳದ ಅಂಚಿನ ಮೇಲೆ ತಣ್ಣೀರು ಹರಿಸಬೇಕು. ವೆಯಿಟ್ ಮತ್ತು ಸೇಫ್ಟಿ ವಾಲ್ವಿನ ಮೇಲೆ ನೀರು ಬೀಳಬಾರದು. ಬೇಳೆ, ಬಿಸಿಬೇಳೆಬಾತ್, ಗಂಜಿಯಂಥ ನೀರಾದ ಅಡುಗೆಯಲ್ಲಿ ವೆಯಿಟನ್ನು ಎತ್ತಿ ಆವಿ ಬಿಡುವ ಯೋಚನೆಯೇ ಬೇಡ, ಆವಿಯ ಜೊತೆಗೆ ಬೇಳೆಯೂ ಮುಖಕ್ಕೆ ಚಿಮ್ಮುತ್ತದೆ. ಪುಲಾವಿಗೆ ಐದೇ ನಿಮಿಷ ಉರಿ ಕೊಟ್ಟು, ಉಳಿದ ಹತ್ತು ನಿಮಿಷ ತಾನಾಗಿ ಇಳಿಯಲು ಬಿಟ್ಟರೆ ಅಕ್ಕಿ ಬಿಡಿಬಿಡಿಯಾಗಿ ಅರಳುತ್ತದೆ. ಅದನ್ನು ನಲ್ಲಿಯಡಿ ಇಟ್ಟರೆ ಕಾಳಿನ ನಡುವೆ ಹಸಿ ಉಳಿಯುತ್ತದೆ.

ರಾತ್ರಿ ಪಾತ್ರೆ ತೊಳೆಯುವಾಗ ರಬ್ಬರನ್ನು ಮುಚ್ಚಳದಿಂದ ಬಿಡಿಸಿ ತೊಳೆದು ಬೇರೆಯಾಗಿ ಒಣಗಿಸಬೇಕು. ಕೊಳವೆಗೆ ಕೆಳಗಿನಿಂದ ನೀರು ಹಾಯಿಸಿ, ವೆಯಿಟನ್ನು ಅಲ್ಲಾಡಿಸಿ ತೊಳೆದು, ಮುಚ್ಚಳವನ್ನು ಬಿಗಿಯದೆ ತಲೆಕೆಳಗಾಗಿ ಕುಕ್ಕರಿನ ಮೇಲೆ ಇಡಬೇಕು. ಬಿಗಿದು ಇಟ್ಟ ಕುಕ್ಕರನ್ನು ಮರುದಿನ ತೆರೆದಾಗ ಬರುವ ಮುಗ್ಗಲು ವಾಸನೆಯೂ ಬರುವುದಿಲ್ಲ, ರಬ್ಬರೂ ಇನ್ನಷ್ಟು ತಿಂಗಳು ಬಾಳುತ್ತದೆ.